ಮೂರನೆಯ ಜೋಡಣೆಯ ಕಿಡಿ

ಇಲ್ಲದ ತಪ್ಪು ಹುಡುಕುವುದರಲ್ಲಿ ನಾನು ಗಟ್ಟಿಗ. ಅನ್ನದಲ್ಲಿ ಕಲ್ಲು, ಹೆಂಡತಿಯ ಮಾತಿನಲ್ಲಿ ಕೊಂಕು ತಕ್ಷಣ ಸಿಗುತ್ತವೆ. ನಿಜವಾಗಿ ಇರುವ ತಪ್ಪು ಸಿಗಬೇಕಾದರೆ ಮಾತ್ರ ಮಂಜಣ್ಣ ಬೇಕಾಗುತ್ತಿತ್ತು. ಶಿರಸಿ ಹತ್ತಿರದ ಗುಡ್ಡದ ಮೇಲೆ ಒಂದು ರೇಡಿಯೋ ಪ್ರಸಾರ ಘಟಕ. ಅಲ್ಲಿ ನಾನು ಇಂಜಿನಿಯರ್, ದಾಸನಕೊಪ್ಪದ ಮಂಜಣ್ಣ ತಂತ್ರಜ್ಞ. ಸಂಬಳ ನನಗೆ ಹೆಚ್ಚು, ಕಿವಿ ಅವನಿಗೆ ಚುರುಕು.

ಪ್ರಸಾರ ಯಂತ್ರದಿಂದ ಗೋಪುರಕ್ಕೆ ಶಕ್ತಿ ಹೋಗುವುದು ತೋಳಿನಷ್ಟು ದಪ್ಪದ ತಾಮ್ರದ ಕೊಳವೆಯಲ್ಲಿ. ಅದರ ಜೋಡಣೆಯೊಂದು ಸಡಿಲಾದರೆ ಒಳಗೇ ಕಿಡಿ ಹಾರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹೋಗಬೇಕಾದ ಶಕ್ತಿ ಹಿಂದಕ್ಕೆ ಬಂದು ಮೀಟರಿನ ಮುಳ್ಳು ಜಿಗಿಯುತ್ತದೆ, ಯಂತ್ರ ತಾನಾಗಿ ನಿಲ್ಲುತ್ತದೆ. ಆಗ ಪವರ್ ತೀರಾ ಇಳಿಸಿ, ಜೋಡಣೆಗಳನ್ನು ಒಂದೊಂದಾಗಿ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಯಾವುದನ್ನು ತಟ್ಟಿದಾಗ ಮುಳ್ಳು ಅಲುಗುವುದೋ ಕಿಡಿ ಇರುವುದು ಅಲ್ಲಿ.

ಆ ಸಂಜೆ ಯಂತ್ರ ಮೂರು ಸಲ ನಿಂತಿತು. ಐದೂವರೆಗೆ, ಮೊದಲೇ ಮುದ್ರಿಸಿಟ್ಟಿದ್ದ ನನ್ನದೇ ಭಾಷಣ ಪ್ರಸಾರವಾಗಬೇಕಿತ್ತು, ಅದೂ ವಿದ್ಯುತ್ ಸುರಕ್ಷತೆಯ ಬಗ್ಗೆ. ಯಲ್ಲಾಪುರದ ತಂಗಿ ಫೋನ್ ಮಾಡಿ, “ಅಣ್ಣಾ, ಆನು ಈಗ್ಲೇ ರೇಡಿಯೋ ಹಚ್ಕಂಡು ಕೂತಿದ್ದೆ” ಎಂದಿದ್ದಳು. ಪವರ್ ಇಳಿಸಿದರೆ ಯಲ್ಲಾಪುರಕ್ಕೆ ಕೇಳುವುದಿಲ್ಲ.

“ಮೀಟರೇ ಕೆಟ್ಟಿದೆ” ಎಂದು ತೀರ್ಪು ಕೊಟ್ಟೆ. ಯಂತ್ರ ತಾನಾಗಿ ನಿಲ್ಲುವ ಮಿತಿಯನ್ನೇ ಮೇಲಕ್ಕೇರಿಸಿದೆ.

“ಬ್ಯಾಡ್ರೀ ಸರ್. ಒಳಗ ಸುಡಾಕತ್ತೇತಿ, ವಾಸನಿ ಬರ್ತೈತಿ. ಪವರ್ ಇಳಸ್ರಿ, ಆಮ್ಯಾಲ ಬಡದು ನೋಡ್ತೀನಿ.”

“ಹೀಗೇ ನೋಡು ಮಂಜಣ್ಣ, ಹೊತ್ತಿಲ್ಲ.”

ಅವನು ಸುತ್ತಿಗೆ ಹಿಡಿದು ಹೋದ. ಮೊದಲನೆಯದು, ಎರಡನೆಯದು. ಮೂರನೆಯ ಜೋಡಣೆ ತಟ್ಟಿದಾಗ ಕೊಳವೆ ಸೀಳಿ ನೀಲಿ ಬೆಂಕಿ ಹೊರಬಂತು. ಅವನು ಗೋಡೆಗೆ ಒರಗಿ ಕುಳಿತು, ತನ್ನ ಬಲಗೈಯನ್ನು ಬೇರೆಯವರದೋ ಎಂಬಂತೆ ನೋಡುತ್ತಿದ್ದ.

ಎರಡು ಬೆರಳು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿ ಕೂತು ಬಾಯಿ ತೆರೆಯುವ ಮೊದಲೇ ಅವನೆಂದ, “ಕಿಡಿ ಜಾಗಾ ಸಿಕ್ತಲ್ರೀ ಸರ್.”

ವಿಚಾರಣೆಗೆ ಮೇಲಿನ ಅಧಿಕಾರಿಗಳು ಬಂದರು. ಮಂಜಣ್ಣ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, “ಸಾಹೇಬ್ರು ಪವರ್ ಇಳಿಸ್ತೀನಿ ಅಂದ್ರು. ನಾನ ಅವಸರಾ ಮಾಡಿ ಹೋದೆ. ಅವರ್ದೇನೂ ತಪ್ಪಿಲ್ರಿ” ಎಂದ. ಅಧಿಕಾರಿ ನನ್ನತ್ತ ತಿರುಗಿ, “ಹೌದೇನ್ರೀ?” ಎಂದರು.

ಇಷ್ಟು ವರ್ಷ ಮಂಜಣ್ಣನ ಒಂದು ಮಾತನ್ನೂ ತಿದ್ದದೆ ಬಿಟ್ಟವನಲ್ಲ ನಾನು. ಅವತ್ತು ಮಾತ್ರ ತಿದ್ದುವಂಥದ್ದೇನೂ ಕಾಣಲಿಲ್ಲ.