ರೇಸ್ ಸೈಕಲ್ಲಿಗೆ ಬುಟ್ಟಿ ಕಟ್ಟಿಸಿದ್ದು

ಜಿಪುಣತನ ಒಂದು ಕಾಯಿಲೆಯಾಗಿದ್ದರೆ ನಾನು ಎಂದೋ ಸತ್ತುಹೋಗಿರುತ್ತಿದ್ದೆ. ಮನೆಯಲ್ಲಿ ಸುಮ್ಮನೆ ಬಿದ್ದಿರುವ ವಸ್ತುವನ್ನು ಕಂಡರೆ ನನಗೆ ಅನ್ನ ಸೇರುವುದಿಲ್ಲ. ಹಳೆಯ ಸೀರೆ ದಿಂಬಿನ ಚೀಲವಾಗುತ್ತದೆ, ಚೀಲ ಹರಿದರೆ ನೆಲ ಒರೆಸುವ ಬಟ್ಟೆಯಾಗುತ್ತದೆ, ಅದೂ ಚಿಂದಿಯಾದರೆ ನಮ್ಮ ಯಜಮಾನರ ಸ್ಕೂಟರಿನ ಸೇವೆಗೆ ಹೋಗುತ್ತದೆ. ಹೀಗಿರುವಾಗ ನಡುಮನೆಯ ಗೋಡೆಗೆ ಒರಗಿಕೊಂಡು ಎರಡು ವರ್ಷದಿಂದ ಧೂಳು ತಿನ್ನುತ್ತಿದ್ದ ರೇಸ್ ಸೈಕಲ್ಲನ್ನು ನಾನು ಎಷ್ಟು ದಿನ ಸಹಿಸಲಿ?

ಅದು ಯಜಮಾನರದ್ದು. ಐವತ್ತು ದಾಟಿದ ವರ್ಷ ಹೊಟ್ಟೆ ಕರಗಿಸುತ್ತೇನೆಂದು ಯಾರೋ ತುಳಿದು ಬಿಟ್ಟಿದ್ದನ್ನು ಕೊಂಡು ತಂದಿದ್ದರು. ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿಕೊಂಡ ಹ್ಯಾಂಡಲ್, ಬೆರಳಗಲದ ಟೈರು, ಸೌತೆಕಾಯಿಯಂಥ ಸೀಟು. ಅದರ ಮೇಲೆ ಇವರು ಬಗ್ಗಿಕೊಂಡು ಹೊರಟರೆ ಎದುರು ಸಿಕ್ಕವರು, ರಸ್ತೆಯಲ್ಲಿ ಏನಾದರೂ ಬೀಳಿಸಿಕೊಂಡಿರಾ ಸಾರ್ ಎಂದು ಕೇಳಿ ತಾವೂ ಬಗ್ಗಿ ಹುಡುಕುತ್ತಿದ್ದರಂತೆ. ಹನ್ನೊಂದನೆಯ ದಿನ ಸೊಂಟ ಹಿಡಿದುಕೊಂಡು ಒಳಗೆ ಬಂದವರು ಮತ್ತೆ ಅದರ ಹೆಸರೆತ್ತಲಿಲ್ಲ.

ನಾನು ಮಧುಗಿರಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮನೆಯಿಂದ ಶಾಲೆಗೆ ಅರ್ಧ ಗಂಟೆಯ ನಡಿಗೆ. ಈಚೆಗೆ ಮಂಡಿ ತಕರಾರು ತೆಗೆಯಿತು. ನಡೆಯುವುದನ್ನು ಕಡಿಮೆ ಮಾಡಿ ಸೈಕಲ್ ತುಳಿಯಿರಿ ಎಂದರು ಡಾಕ್ಟರು. ತವರೂರು ಬಡವನಹಳ್ಳಿಯಲ್ಲಿ ಅಪ್ಪನ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವಳು ನಾನು, ಹೆದರುವವಳಲ್ಲ. ಹೊಸದೊಂದು ಕೊಳ್ಳೋಣ ಎಂದರು ಯಜಮಾನರು. ಮನೆಯಲ್ಲೇ ಒಂದಿದೆಯಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ಕುದುರೆಯನ್ನು ಕತ್ತೆ ಮಾಡಬೇಡ ಮಾರಾಯ್ತಿ ಎಂದು ಬೇಡಿಕೊಂಡರು. ಓಡದ ಕುದುರೆಗಿಂತ ಹೊರುವ ಕತ್ತೆಯೇ ಮೇಲೆಂದು ನಾನು ಸೈಕಲ್ಲನ್ನು ತಳ್ಳಿಕೊಂಡು ಹೊರಟೇಬಿಟ್ಟೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಾಷಣ್ಣನವರ ಸೈಕಲ್ ಶಾಪು. ಸಿರಾ ಕಡೆಯವರು, ವಯಸ್ಸಾದ ಮನುಷ್ಯ. ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಸೀಟನ್ನು ಬೆರಳಿನಿಂದ ಒತ್ತಿ ನೋಡಿದರು. "ಇದನ್ನ ತುಳಿಯೋರು ನೆಲ ನೋಡ್ಕಂಡು ಹೋಗೋ ಜನ ಟೀಚರಮ್ಮ. ನೀವು ನಾಕು ಜನನ್ನ ಮಾತಾಡಿಸ್ಕಂಡು ಹೋಗೋರು. ನೆಟ್ಟಗೆ ಕೂರಂಗೆ ಮಾಡಾನ" ಎಂದರು. ಹೊಸ ಸಾಮಾನು ಒಂದೂ ಕೂಡದೆಂದು ನಾನು ಮೊದಲೇ ಷರತ್ತು ಹಾಕಿದೆ. ಗುಜರಿ ರಾಶಿಯಿಂದ ನೆಟ್ಟನೆಯ ಅಗಲ ಹ್ಯಾಂಡಲ್, ಸ್ಪ್ರಿಂಗಿನ ದೊಡ್ಡ ಸೀಟು, ಕ್ಯಾರಿಯರ್, ಬೆಲ್ಲು, ಬುಟ್ಟಿ ಎಲ್ಲ ಒಂದೊಂದಾಗಿ ಹೊರಬಂದವು. ಆ ಚೌಕಟ್ಟಿಗೆ ಹಿಡಿಸುವಷ್ಟು ದಪ್ಪದ ಹಳೆಯ ಟೈರೂ ಸಿಕ್ಕಿತು. ಮೂರು ಸಂಜೆ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಉಸ್ತುವಾರಿ ಮಾಡಿದೆ. ಕೊನೆಗೆ ಬ್ರೇಕು. ಹಳೆಯ ಬ್ರೇಕ್ ಹಿಡಿಗಳು ಈ ಹ್ಯಾಂಡಲ್ಲಿಗೆ ಕೂರುವುದಿಲ್ಲವಂತೆ. ಗುಜರಿಯಲ್ಲಿ ಹೊಂದುವ ಹಿಡಿ ಒಂದೇ ಇತ್ತು, ಇನ್ನೊಂದನ್ನು ಹೊಸದಾಗಿ ತರಬೇಕು. ಹಿಂದಿನ ಚಕ್ರಕ್ಕೆ ಒಂದಿದ್ದರೆ ಸಾಕು, ನಾನೇನು ಇದರಲ್ಲಿ ಪಾವಗಡಕ್ಕೆ ಹೋಗುತ್ತೇನೆಯೇ ಎಂದೆ. ಎರಡೂ ಬೇಕು ಎಂದು ಬಾಷಣ್ಣ ಮೂರು ಸಲ ಹೇಳಿದರು. ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟು, ಇನ್ನೊಬ್ಬರು ಹೇಳಿದ್ದನ್ನು ಕೇಳುವ ಅಭ್ಯಾಸ ನನಗೆ ತಪ್ಪಿಹೋಗಿದೆ.

ಸೋಮವಾರ ಬೆಳಿಗ್ಗೆ ಚೂಡಿದಾರ್ ತೊಟ್ಟು, ಬುಟ್ಟಿಯಲ್ಲಿ ಊಟದ ಡಬ್ಬಿ ಇಟ್ಟು, ಜಗಲಿಯ ಕಲ್ಲಿನ ಮೇಲೆ ನಿಂತು ಸೈಕಲ್ ಹತ್ತಿದೆ. ಬೆನ್ನು ನೆಟ್ಟಗಿತ್ತು, ಮಂಡಿ ಚಕಾರವೆತ್ತಲಿಲ್ಲ. ಕಂಡವರಿಗೆಲ್ಲ ಒಂದು ಕೈಯಲ್ಲೇ ನಮಸ್ಕಾರ ಮಾಡುತ್ತ, ಕಾಣದವರಿಗೆ ಬೆಲ್ಲು ಬಾರಿಸುತ್ತ ಹೋದೆ. ಕೋಟೆಯ ಕೆಳಗಿನ ಬೀದಿಯ ಇಳಿಜಾರು ಬಂತು ನೋಡಿ, ಸೈಕಲ್ಲಿಗೆ ತನ್ನ ಪೂರ್ವಜನ್ಮ ನೆನಪಾಯಿತು. ಬ್ರೇಕ್ ಹಿಡಿದೆ. ಹಿಂದಿನ ಚಕ್ರ ಕಿರುಚಿತೇ ಹೊರತು ನಿಲ್ಲಲಿಲ್ಲ. ಬೀದಿಯ ಕೊನೆಗೆ ಹುಣಸೆಹಣ್ಣು ಮಾರುವ ಗಂಗಜ್ಜಿ ತನ್ನ ಮನೆಯ ಮುಂದೆ ಟಾರ್ಪಾಲಿನ ಮೇಲೆ ಹಣ್ಣು ಹರಡಿಕೊಂಡು ಬೀಜ ಬಿಡಿಸುತ್ತಿದ್ದಳು. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಹುಣಸೆಹಣ್ಣು. ನಾನು ಹುಣಸೆಹಣ್ಣನ್ನು ಆರಿಸಿಕೊಂಡೆ.

ಅಜ್ಜಿ ಕೂತಲ್ಲಿಂದ ಅಲ್ಲಾಡಲಿಲ್ಲ. ಅವಸರದಲ್ಲಿ ಏಳಬೇಡ, ಮೊದಲು ಕಾಲು ಮಡಿಚಿ ನೋಡು ಎಂದಳು. ಮಡಿಚಿದೆ, ನೋವಿರಲಿಲ್ಲ. ಕೂದಲಿನಿಂದ ಹಿಮ್ಮಡಿಯವರೆಗೆ ಅಂಟು ಮಾತ್ರ. ಅಷ್ಟು ಖಾತ್ರಿಯಾದ ಮೇಲೆ ಅವಳ ದನಿ ಬದಲಾಯಿತು. "ಟೀಚರು ಬಿದ್ದು ಒದ್ದಾಡಿದ್ ಹಣ್ಣ ಇನ್ಯಾರು ತಗಂತಾರೆ ಕಣಮ್ಮ? ನೀನೇ ತಗಂಡೋಗ್ಬುಡು" ಎಂದು ತಕ್ಕಡಿಗೆ ಕೈ ಹಾಕಿದಳು. ಅವಳು ತೂಗಿದಷ್ಟನ್ನೂ ಬಾಯಿ ಮುಚ್ಚಿಕೊಂಡು ಕೊಂಡೆ.

ಸಂಜೆ ಯಜಮಾನರು ಸೊಟ್ಟಗಾದ ಬುಟ್ಟಿ ನೋಡಿದರು, ನನ್ನನ್ನು ನೋಡಿದರು, ಬಾಗಿಲಲ್ಲಿ ಕೂತಿದ್ದ ಹುಣಸೆಹಣ್ಣಿನ ಮೂಟೆ ನೋಡಿದರು. ಸೈಕಲ್ ತೆಗೆದುಕೊಂಡು ಹೋಗಿ ಮುಂದಿನ ಚಕ್ರಕ್ಕೆ ಹೊಸ ಬ್ರೇಕ್ ಹಾಕಿಸಿದರು. ವಾಪಸು ಬರುವಾಗ ತುಳಿದುಕೊಂಡೇ ಬಂದರು, ನೆಟ್ಟಗೆ ಕೂತು. ಸೀಟು ಪರವಾಗಿಲ್ಲ ಎಂದರು, ಅಷ್ಟೇ. ಈಗ ಭಾನುವಾರದ ಸಂತೆಗೆ ಸೈಕಲ್ ಅವರದ್ದು. ಉಳಿದ ದಿನ ನನ್ನದು, ಬ್ರೇಕ್ ಎರಡೂ ಹಿಡಿದುಕೊಂಡು.

ಹುಣಸೆಹಣ್ಣು ಮಾತ್ರ ಮುಗಿಯುತ್ತಿಲ್ಲ. ತೊಳೆದು, ಒಣಗಿಸಿ, ಉಪ್ಪು ಬೆರೆಸಿ ಜಾಡಿ ತುಂಬಿದ್ದೇನೆ. ದಿನವೂ ಗೊಜ್ಜು, ಇಲ್ಲವೇ ಸಾರು, ಇಲ್ಲವೇ ಪುಳಿಯೋಗರೆ. ಯಜಮಾನರು ಮೊದಲ ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡುತ್ತ ಒಂದು ಕಣ್ಣು ಮುಚ್ಚುತ್ತಾರೆ. ಅದು ಹುಳಿಗೋ ನನಗೋ ಎಂದು ಕೇಳುವ ಧೈರ್ಯ ನನಗಿಲ್ಲ. ಮಾರನೆಯ ದಿನ ಇನ್ನೊಂದು ಚೂರು ಬೆಲ್ಲ ಹೆಚ್ಚು ಹಾಕುತ್ತೇನೆ.