ಡಿಸ್ಕಿನಲ್ಲಿ ಕಾಣೆಯಾದ ಮಳೆ

ವಿರಾಜಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಆಪರೇಟಿಂಗ್ ಸಿಸ್ಟಂ ಹಾಕುವುದು ಅರ್ಧ ಗಂಟೆ ಕೆಲಸ ಅಂತ ಎಲ್ಲರಿಗೂ ಹೇಳುವವನು ನಾನೇ. ದೇವರಾಣೆ, ಇವತ್ತಿನವರೆಗೆ ಒಂದೂ ಅರ್ಧ ಗಂಟೆಯಲ್ಲಿ ಮುಗಿದಿಲ್ಲ.

ಏಣಿ

ಮಾದಾಪುರದ ಹತ್ತಿರ ಒಂದು ಎಸ್ಟೇಟ್ ಆಫೀಸು. ಹೊಸ ಸಿಸ್ಟಂ ಹಾಕಿದೆ, ವೈಫೈ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇಲ್ಲ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಆ ಡ್ರೈವರೇ ಬೇಕು! ಮೊಬೈಲಿನಲ್ಲಿ ಇಳಿಸೋಣವೆಂದರೆ ಸಿಗ್ನಲ್ ಇಲ್ಲ. ತೋಟದ ಲೆಕ್ಕ ಬರೆಯುವ ರೈಟರ್, ಕರಿಮೆಣಸು ಕುಯ್ಯುವ ಏಣಿಯನ್ನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿ, ಸಿಗ್ನಲ್ ಹುಡುಕಿಕೊಂಡು ನನ್ನ ಮೊಬೈಲ್ ಹಿಡಿದು ಹತ್ತಿಯೇಬಿಟ್ಟರು.

"ಮೂವತ್ತು ಪರ್ಸೆಂಟ್!" ಅಂತ ಮೇಲಿಂದ ಕೂಗಿದರು. ಐವತ್ತಾಯಿತು, ತೊಂಬತ್ತಾಯಿತು, ಆಮೇಲೆ ಸದ್ದೇ ಇಲ್ಲ.

"ನಿಂತುಹೋಯ್ತಾ?" ಅಂದೆ.

"ಅದು ಹಾಳಾಗಲಿ ಮಾರಾಯ್ರೆ, ಈ ಬಳ್ಳಿಯಲ್ಲಿ ಅರ್ಧ ಮೆಣಸು ಕುಯ್ಯದೆ ಬಿಟ್ಟುಹೋಗಿದ್ದಾರೆ!"

ಹಳೆಯದೇ ವಾಸಿ

ಕಕ್ಕಬೆಯಲ್ಲಿ ಹೋಂಸ್ಟೇ ನಡೆಸುವ ಅಕ್ಕನ ಲ್ಯಾಪ್‌ಟಾಪಿಗೆ ಸಿಸ್ಟಂನ ತಿರುಳಾದ ಕರ್ನಲ್ ಹೊಸದು ಹಾಕಿಸಿಕೊಳ್ಳಿ ಅಂತ ಒತ್ತಾಯ ಮಾಡಿದ್ದು ನಾನು. ಹಾಕಿದ್ದೇ ತಡ, ಪರದೆ ಪೂರಾ ಕಪ್ಪು. "ಆಫ್ ಮಾಡಿ ಆನ್ ಮಾಡಿ ಅಕ್ಕಾ, ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಹಳೆಯ ಕರ್ನಲ್ ಆರಿಸಿ" ಅಂತ ಫೋನಿನಲ್ಲೇ ಹೇಳಿದೆ. ಪರದೆ ಬಂತು.

"ಹಳೆಯದರಲ್ಲೇ ಎಲ್ಲ ನಡೆಯುತ್ತದೆ ಅಂದ ಮೇಲೆ, ಹೊಸದು ಅಂತ ನನ್ನ ತಲೆ ತಿಂದವನು ಯಾರಪ್ಪಾ?"

"ಸಿಗ್ನಲ್ ಸರಿ ಇಲ್ಲ ಅಕ್ಕಾ" ಅಂತ ಫೋನ್ ಇಟ್ಟೆ.

ಇಪ್ಪತ್ತು ವರ್ಷದ ಮಳೆ

ನಮ್ಮ ಕಡೆಯ ಪ್ಲಾಂಟರ್ ಒಬ್ಬರು ದಿನಾ ಬೆಳಿಗ್ಗೆ ಮಳೆ ಅಳೆದು, ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ ಕಂಪ್ಯೂಟರಿಗೆ ಹಾಕುವವರು. ಅವರ ಸಿಸ್ಟಂ ಕೆಟ್ಟು, ಹೊಸದು ಹಾಕಲು ಕೂತರೆ 'ಡಿಸ್ಕ್ ಇಲ್ಲ' ಅಂತ ಬಂತು. ಡಿಸ್ಕ್ ಗುರುತಿಸುವ ಡ್ರೈವರ್ ಇಲ್ಲದಿದ್ದರೂ ಹಾಗೆ ಬರುವುದುಂಟು. ಆದರೆ ಅವರ ಮುಖ ಬಿಳಿಚಿಕೊಂಡಿತು.

"ಇಪ್ಪತ್ತು ವರ್ಷದ ಮಳೆ ಹೋಯ್ತಲ್ಲೋ!"

ಬೇರೆ ಕಾಪಿ ಇರಲಿಲ್ಲ.

ನಾನು ಡ್ರೈವರ್ ಹುಡುಕುತ್ತಿದ್ದ ಹಾಗೆ ಅವರು ಪಕ್ಕದ ತೋಟದ ಸ್ನೇಹಿತರಿಗೆ ಫೋನ್ ಹಚ್ಚಿದರು. ಯಾರ ತೋಟದಲ್ಲಿ ಮಳೆ ಹೆಚ್ಚು ಅಂತ ಇಬ್ಬರಿಗೂ ಪೈಪೋಟಿ. ದಿನಾ ಇವರು ತಮ್ಮದನ್ನು ಹೇಳಿದರೆ, ಅವರಲ್ಲಿ ಯಾವಾಗಲೂ ಹತ್ತು ಸೆಂಟ್ ಜಾಸ್ತಿ. ಮನಸ್ಸು ಗಟ್ಟಿ ಮಾಡಿಕೊಂಡು ಇವರು ಕೇಳಿದರು: "ನಿಮ್ಮ ಮಳೆ ಪುಸ್ತಕ ಕೊಡಿ. ಹತ್ತು ಹತ್ತು ಸೆಂಟ್ ಕಳೆದು ನನ್ನದನ್ನು ಬರೆದುಕೊಳ್ಳುತ್ತೇನೆ."

ಆ ಕಡೆಯಿಂದ ಸಣ್ಣ ದನಿ: "ಪುಸ್ತಕ ಎಲ್ಲಿಂದ ತರಲಿ ಮಾರಾಯ್ರೆ? ನಮ್ಮಲ್ಲಿ ಮಳೆಮಾಪಕವೇ ಇಲ್ಲ. ನೀವು ಹೇಳಿದ್ದಕ್ಕೆ ನಾನು ಹತ್ತು ಸೇರಿಸುತ್ತಿದ್ದೆ, ಅಷ್ಟೇ."

ಅಷ್ಟರಲ್ಲಿ ಡ್ರೈವರ್ ಹಿಡಿಯಿತು. "ಸಾರ್, ಡಿಸ್ಕ್ ಬಂತು! ಮಳೆ ಎಲ್ಲ ಇದೆ!" ಅಂತ ಕೂಗಿದೆ.

ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಫೋನ್ ಎದೆಗೊತ್ತಿಕೊಂಡು ಒಳಗೆ ಓಡಿದರು: "ಏ ಇವಳೇ, ಕೇಳಿದೆಯಾ? ಇಪ್ಪತ್ತು ವರ್ಷವೂ ನಾನೇ ಗೆದ್ದಿದ್ದೇನೆ ಕಣೇ!"