ನಮ್ಮ ಗೇಟಿನ ಮುಂದೆ ಮಲಗಿರುವ ಹಂಪ್ ಮಹಾಶಯರಿಗೆ

ಮಾನ್ಯರೇ,

ಹಿರಿಯೂರಿನ ನಮ್ಮ ಬೀದಿಯಲ್ಲಿ, ನಮ್ಮ ಮನೆಯ ಗೇಟಿಗೆ ಸರಿಯಾಗಿ ಎದುರಾಗಿ, ಬಿಸಿಲಿಗೂ ಗಾಳಿಗೂ ಮಗ್ಗುಲು ಬದಲಿಸದೆ ಮಲಗಿರುವ ತಮ್ಮ ಡಾಂಬರು ಮೈಗೆ, ಇದೇ ಬೀದಿಯ ನಿವಾಸಿಯೂ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುವವಳೂ ಆದ ಹೇಮಾವತಿಯ ಗೌರವಪೂರ್ವಕ ನಮಸ್ಕಾರಗಳು. ತಮ್ಮ ಆರೋಗ್ಯ ವಿಚಾರಿಸುವ ಅಗತ್ಯ ಕಾಣುತ್ತಿಲ್ಲ. ಮರಳಿನ ಟ್ರ್ಯಾಕ್ಟರ್ ಹತ್ತಿಳಿದರೂ, ಕಾಯಿ ತುಂಬಿದ ಲಾರಿ ಹತ್ತಿಳಿದರೂ ತಮ್ಮ ಹೊಟ್ಟೆ ಕೂದಲೆಳೆಯಷ್ಟೂ ಇಳಿದಿಲ್ಲವೆಂಬುದನ್ನು ನಾನು ದಿನವೂ ಗೇಟಿನ ಸಂದಿಯಿಂದ ನೋಡಿ ಅಸೂಯೆಪಡುತ್ತಿದ್ದೇನೆ.

ತಮ್ಮ ಮೇಲೆ ದೂರು ಹೇಳುವ ಮುನ್ನ, ತಾವು ಯಾರ ದಾರಿಗೆ ಅಡ್ಡ ಮಲಗಿದ್ದೀರೆಂಬುದನ್ನು ತಿಳಿಸುವುದು ನನ್ನ ಕರ್ತವ್ಯ. ನನ್ನದು ಹೊಳಲ್ಕೆರೆಯ ನಿವೃತ್ತ ಹೆಡ್‌ಮಾಸ್ಟರೊಬ್ಬರಿಂದ ಕೊಂಡ, ಹಿಂದಿನ ಗಾಜಿಗೆ ಹೂವಿನ ಪರದೆ ಕಟ್ಟಿದ್ದ, ಹಳೆಯ ಬಿಳಿ ಮಾರುತಿ ಎಂಟುನೂರು. ಅದರಲ್ಲಿ ನಾನು ವರ್ಷಗಟ್ಟಲೆ ಕಾಲೇಜಿಗೆ ಹೋಗಿಬಂದೆ. ಹೊಸದುರ್ಗದ ರಸ್ತೆಯಲ್ಲಿ ಟ್ರ್ಯಾಕ್ಟರಿನವರು ನನ್ನನ್ನು ಹಿಂದಿಕ್ಕಿ, ಗಾಡಿಗೆ ಏನಾದರೂ ತೊಂದರೆಯೇ ಎಂದು ಹಿಂತಿರುಗಿ ನೋಡುತ್ತಿದ್ದರು. ತೆಂಗಿನಕಾಯಿ ಮಂಡಿ ನಡೆಸುವ ನನ್ನ ಯಜಮಾನರು ನಾಗರಾಜಪ್ಪನವರಿಗೆ ಇದು ಹೆಮ್ಮೆಯ ವಿಷಯ. "ನಮ್ಮನೆಯವ್ರು ಓಡ್ಸಿದ್ರೆ ಗಾಡಿಗೇ ನಿದ್ದೆ ಬರ್ತೈತೆ" ಎಂದು ಮಂಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹೀಗಿರುವಾಗ ನಮ್ಮ ಕಾಲೇಜಿನ ಮೇಡಂ ಒಬ್ಬರ ಮಗಳ ಮದುವೆಗೆಂದು ತಮಿಳುನಾಡಿನ ಕಡೆ ಹೋದವಳು, ಅಲ್ಲಿನ ಹುಡುಗಿಯರು ಕರೆದರೆಂದು ಹತ್ತಿರದ ರೇಸ್ ಟ್ರ್ಯಾಕಿಗೂ ಹೋದೆ. ಸಾಮಾನ್ಯ ಜನ ತಮ್ಮ ತಮ್ಮ ಕಾರು ತಂದು, ತಮ್ಮ ಪಾಡಿಗೆ ಓಡಿಸುವ ದಿನವಂತೆ ಅದು. ಒಂದು ಸಣ್ಣ ಕಾರು ಬಂದು ನಿಂತಿತು. ಬಾಗಿಲು ತೆಗೆದು ಇಳಿದವರು ನನ್ನ ವಯಸ್ಸಿನ, ನನ್ನಷ್ಟೇ ದಪ್ಪದ ಹೆಂಗಸು. ಹೆಲ್ಮೆಟ್ ತೆಗೆದು, ಬಿಚ್ಚಿದ ಮುಡಿಯನ್ನು ಮತ್ತೆ ಕಟ್ಟಿಕೊಂಡು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕುಡಿದರು. ಅವರ ಮುಖದಲ್ಲಿದ್ದದ್ದನ್ನು ಏನೆಂದು ಕರೆಯಬೇಕೋ ಇಷ್ಟು ವರ್ಷ ಕನ್ನಡ ಪಾಠ ಮಾಡಿದ ನನಗೆ ಹೊಳೆಯಲಿಲ್ಲ. ಅದು ನನಗೂ ಬೇಕು ಎನ್ನುವುದಷ್ಟೇ ಹೊಳೆಯಿತು.

ಊರಿಗೆ ಬಂದವಳೇ ಬೈಪಾಸಿನಲ್ಲಿ ಲಾರಿ ಗ್ಯಾರೇಜ್ ಇಟ್ಟಿರುವ ಪ್ರದೀಪನ ಬಳಿ ಕಾರು ತಗೊಂಡು ಹೋದೆ. ಇದನ್ನು ಟ್ರ್ಯಾಕಿನಲ್ಲಿ ಓಡಿಸುವಂತೆ ಮಾಡಬೇಕೆಂದೆ. ಅವನು ನಗುತ್ತಾನೆಂದು ಸಿದ್ಧಳಾಗಿಯೇ ಹೋಗಿದ್ದೆ. ಅವನು ಕಾರಿನ ಅಡಿಗೆ ತೂರಿ, ಬಹಳ ಹೊತ್ತಿನ ಮೇಲೆ ಹೊರಬಂದು, "ಮೇಡಂ, ಓಡೋದು ಆಮೇಲೆ. ಮೊದ್ಲು ಇದಕ್ಕೆ ನಿಲ್ಲೋದು ಕಲಿಸಾಣ" ಎಂದ.

ಹಾಗಾಗಿ ಮೊದಲು ಬ್ರೇಕು. ಅದರ ಮುಂದಿನ ಸಂಬಳಕ್ಕೆ ಟೈರು. ಆಮೇಲೆ, ಕಾಲಿನಡಿಯ ತಗಡು ತುಕ್ಕು ತಿಂದು ರಸ್ತೆ ಕಾಣುತ್ತಿದ್ದ ಜಾಗಕ್ಕೆ ತೇಪೆ. ಹೆಚ್ಚಿನ ಕೆಲಸವೆಲ್ಲ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲೇ ಭಾನುವಾರಗಳಂದು ನಡೆಯಿತು. ಪ್ರದೀಪ ಬೆಸುಗೆ ಹಾಕಿದರೆ ನಾನು ನಟ್ಟು ಬೋಲ್ಟು ಬಿಚ್ಚುತ್ತಿದ್ದೆ. ಭಾರ ಇಳಿದಷ್ಟೂ ಗಾಡಿ ಚುರುಕಾಗುತ್ತದೆ ಎಂದು ಗೊತ್ತಾದ ಮೇಲಂತೂ ನನ್ನ ಕೈ ನಿಲ್ಲಲಿಲ್ಲ. ಹಿಂದಿನ ಸೀಟು, ನೆಲದ ಹಾಸು, ಬಾಗಿಲಿನ ಒಳಹೊದಿಕೆ, ಹೆಡ್‌ಮಾಸ್ಟರರ ಹೂವಿನ ಪರದೆ, ಎಲ್ಲವನ್ನೂ ಕಿತ್ತು ಮಂಡಿಗೆ ಹೊರಿಸಿಕೊಂಡು ಹೋಗಿ ಕೊಬ್ಬರಿ ಚೀಲ ತೂಗುವ ಯಂತ್ರದ ಮೇಲಿಟ್ಟೆ. ಹಮಾಲರ ಮೇಸ್ತ್ರಿ ತಿಪ್ಪಯ್ಯ, ಕಾಯಿಯ ಲೆಕ್ಕ ಕೂಗುವ ಅದೇ ರಾಗದಲ್ಲಿ, "ಒಂದ್ ಚೀಲ ಕೊಬ್ರಿ ಇಳೀತ್ರೀ ಅಮ್ಮಾರೇ!" ಎಂದು ಕೂಗಿದ.

ಕೊನೆಗೆ ಚಾಲಕರ ಪಕ್ಕದ ಸೀಟೂ ಹೋಯಿತು. ಅದನ್ನು ಬಿಚ್ಚುವಾಗ ನಾಗರಾಜಪ್ಪನವರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. "ನಾನೆಲ್ಲಿ ಕುಂತ್ಕಳ್ಳಲೇ?" ಎಂದರು. "ಟ್ರ್ಯಾಕಲ್ಲಿ ಒಬ್ರೇ ರೀ ಕೂರೋದು" ಎಂದೆ. ನಟ್ಟು ಬಿಗಿಯಾಗಿದ್ದರಿಂದ ಅವರ ಮುಖ ನೋಡಲು ನನಗೆ ಪುರುಸೊತ್ತಾಗಲಿಲ್ಲ.

ಆಮೇಲೆ ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದೆವು. ಕಾವಿಗೆ ಕೂತ ಕೋಳಿಯಂತೆ ಅದು ನೆಲಕ್ಕೆ ಅಂಟಿ ಕೂತಿತು. ಇನ್ನು ಅದು ರಸ್ತೆಯ ಗಾಡಿಯಲ್ಲ. ಮನೆಯಿಂದ ಮಂಡಿಯ ಕಟ್ಟೆಯವರೆಗೆ ಹೋಗಿ, ತಮಿಳುನಾಡಿಗೆ ಹೊರಟ ಕಾಯಿ ಲಾರಿಯನ್ನು ಹತ್ತಿದರೆ ರಸ್ತೆಗೂ ಅದಕ್ಕೂ ಸಂಬಂಧ ಮುಗಿಯುತ್ತದೆ. ಟ್ರ್ಯಾಕಿನಲ್ಲಿ ಹೆಸರು ಬರೆಸಿದ್ದಾಯಿತು, ಲಾರಿ ಗೊತ್ತಾಯಿತು, ಕಾಲೇಜಿಗೆ ರಜೆಯನ್ನೂ ಹಾಕಿದೆ.

ಮಾನ್ಯರೇ, ತಾವು ಅವತರಿಸಿದ್ದು ಈ ಶುಭ ಗಳಿಗೆಯಲ್ಲಿ. ನಾನು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಚಿತ್ರದುರ್ಗಕ್ಕೆ ಹೋಗಿದ್ದ ದಿನ ತಾವು ಹುಟ್ಟಿದ್ದೀರಿ. ಸಂಜೆ ಆಟೋದಲ್ಲಿ ಬರುವಾಗ ಮನೆಯ ಮುಂದೆ ತಲೆ ಆಟೋದ ಮೇಲ್ಛಾವಣಿಗೆ ಬಡಿದದ್ದು ನಿಜ. ಆದರೆ ನಮ್ಮ ರಸ್ತೆಗಳಲ್ಲಿ ತಲೆ ಬಡಿದುಕೊಂಡಿದ್ದಕ್ಕೆಲ್ಲ ಕಾರಣ ಹುಡುಕುವ ರೂಢಿ ನನಗಿಲ್ಲ. ಮರುದಿನ ಬೆಳಿಗ್ಗೆ ಕಾರಿಗೆ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ಗೇಟು ದಾಟಿ ಎಡಕ್ಕೆ ತಿರುಗಿದೆ. ಮುಂದಿನ ಚಕ್ರಗಳು ತಮ್ಮನ್ನು ದಾಟಿದವು. ಅಷ್ಟರಲ್ಲಿ ಕಾರಿನ ಹೊಟ್ಟೆಯೂ ತಮ್ಮ ಹೊಟ್ಟೆಯೂ ಗಾಢವಾಗಿ ಆಲಂಗಿಸಿಕೊಂಡವು. ಸೈಲೆನ್ಸರ್ ಪೈಪು ಮುರಿದ ಸದ್ದಿಗೆ ಎದುರು ಮನೆಯವರ ನಾಯಿಯೂ ಬೊಗಳುವುದನ್ನು ನಿಲ್ಲಿಸಿತು. ಮುಂದೆ ಒತ್ತಿದರೂ ಇಲ್ಲ, ಹಿಂದೆ ಒತ್ತಿದರೂ ಇಲ್ಲ. ಒಂದು ಕಾರನ್ನು ಇಷ್ಟು ಅಚ್ಚುಕಟ್ಟಾಗಿ ನಿಲ್ಲಿಸುವ ಬ್ರೇಕನ್ನು ನಾನೂ ಪ್ರದೀಪನೂ ಎಷ್ಟು ಭಾನುವಾರ ದುಡಿದರೂ ಮಾಡಲಾಗಿರಲಿಲ್ಲವೆಂದು ಇಲ್ಲಿ ಮುಕ್ತಕಂಠದಿಂದ ಒಪ್ಪಿಕೊಳ್ಳುತ್ತೇನೆ.

ಬೀದಿಯೆಲ್ಲ ಸೇರಿತು. ಕಂಟ್ರಾಕ್ಟರನ್ನು ಬೈದರು, ಸರ್ಕಾರವನ್ನು ಬೈದರು. ಸಣ್ಣದಕ್ಕೂ ದೊಡ್ಡ ಗಂಟಲು ತೆಗೆಯುವ ನಾಗರಾಜಪ್ಪನವರು ಮಾತ್ರ ಹೆಗಲ ಮೇಲಿನ ಟವಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತ ಗೋಡೆಗೆ ಒರಗಿ ನಿಂತಿದ್ದರು. ಲಾರಿ ಕಾಯುತ್ತಿದೆ, ಯಾಕೆ ತಡ ಎಂದು ಕೇಳಲು ಬಂದ ತಿಪ್ಪಯ್ಯ, ಕಾರನ್ನೂ ತಮ್ಮನ್ನೂ ನೋಡಿ ಬಹಳ ಮುಗ್ಧನಾಗಿ, "ಸಾವ್ಕಾರ್ರೇ, ಇನ್ನೊಂಚೂರು ತಗ್ಗಿಗೆ ಹಾಕ್ಸಿದ್ರೆ ಆಗ್ತಿತ್ತಲ್ರೀ?" ಎಂದ.

ಬೀದಿಯೆಲ್ಲ ನಾಗರಾಜಪ್ಪನವರ ಕಡೆ ತಿರುಗಿತು.

ಹಿಂದಿನ ದಿನ ಪಕ್ಕದ ಬೀದಿಗೆ ಡಾಂಬರು ಹಾಕುತ್ತಿದ್ದ ಆಳುಗಳಿಗೆ ನಾಗರಾಜಪ್ಪನವರು ಎಳನೀರು ಕೆತ್ತಿಸಿ ಕೊಟ್ಟು, ಉಳಿದ ಜಲ್ಲಿ ಡಾಂಬರನ್ನು ನಮ್ಮ ಗೇಟಿನ ಮುಂದೆ ಸುರಿಸಿಕೊಂಡಿದ್ದರಂತೆ. ಎಂದರೆ ತಮ್ಮ ಹುಟ್ಟಿಗೆ ಯಾವ ಕಚೇರಿಯಲ್ಲೂ ಕಡತವಿಲ್ಲ, ಯಾವ ಅಧಿಕಾರಿಯ ಸಹಿಯೂ ಇಲ್ಲ. ಅದಕ್ಕೇ ಈ ಪತ್ರವನ್ನು ಯಾರಿಗೂ ಅಲ್ಲದೆ ನೇರವಾಗಿ ತಮಗೇ ಬರೆಯಬೇಕಾಗಿ ಬಂದಿದೆ.

ನಾನು ಕಾರಿನಿಂದ ಇಳಿದು ಹೋಗಿ ಅವರ ಎದುರು ನಿಂತೆ. ಕಾಲೇಜಿನ ಹಿಂದಿನ ಬೆಂಚಿಗೂ ಕೇಳುವಂತೆ ಕೂಗಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಮೆಲ್ಲಗೆ ಶುರು ಮಾಡಿದರು.

"ಮರುಳಸಿದ್ದಪ್ಪನ ಗಾಡಿನ ಹೈವೇನಾಗೆ ನೋಡಿದ್ ಮ್ಯಾಲೆ ನಂಗೆ ಯಾವ್ ಗಾಡಿ ಜೋರಾಗಿ ಹೋದ್ರೂ ಎದೆ ಹಿಡ್ಕಂಡಂಗಾಗ್ತೈತೆ ಹೇಮಾ. ನಿನ್ ಮುಖದಾಗಿರೋ ಖುಷಿ ನೋಡಿ ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ. ಅದ್ಕೇ ರಸ್ತೆ ಕೈಲಿ ಹೇಳ್ಸಿದೆ."

ಮರುಳಸಿದ್ದಪ್ಪ ನಮ್ಮ ಯಜಮಾನರ ಶಾಲೆಯ ಗೆಳೆಯ. ಎರಡು ವರ್ಷದ ಹಿಂದೆ ಬೈಪಾಸಿನ ಆಚೆ ಅವರ ಕಾರು ನಿಂತ ಲಾರಿಗೆ ಹೊಡೆದಾಗ, ಹೋಗಿ ದೇಹದ ಗುರುತು ಹೇಳಿ ಬಂದದ್ದು ಇವರೇ. ಬಂದು ಸ್ನಾನ ಮಾಡಿ, ಊಟಕ್ಕೆ ಕೂತು, ಅನ್ನ ಮುಟ್ಟದೆ ಎದ್ದಿದ್ದರು. ಆಮೇಲೆ ಎಂದೂ ಆ ಮಾತು ಎತ್ತಿರಲಿಲ್ಲ. ನಾನೂ ಕೇಳಿರಲಿಲ್ಲ. ನನ್ನ ನಿಧಾನದ ಬಗ್ಗೆ ಅವರು ಮಂಡಿಯಲ್ಲಿ ಹೇಳಿಕೊಳ್ಳುತ್ತಿದ್ದದ್ದು ತಮಾಷೆಯಲ್ಲ, ನೆಮ್ಮದಿ ಎಂಬುದು ನನಗೆ ಆಗ, ಅಷ್ಟು ಜನರ ನಡುವೆ, ಗೊತ್ತಾಯಿತು.

"ನಂಗೆ ಬಾಯಿ ಬಿಟ್ಟು ಹೇಳ್ಬೇಕಿತ್ತು ರೀ" ಎಂದೆ. ಕೂಗಲು ಇಟ್ಟುಕೊಂಡಿದ್ದ ದನಿಯೆಲ್ಲ ಎಲ್ಲಿ ಹೋಯಿತೋ. "ಅಲ್ಲಿ ನಿಂತ ಲಾರಿ ಇಲ್ಲ, ಎದುರಿಗೆ ಬರೋ ಬಸ್ಸಿಲ್ಲ, ಅಡ್ಡ ಬರೋ ದನ ಇಲ್ಲ. ನೀವೂ ಬರ್ರಿ. ನೋಡಿದ ಮೇಲೂ ಬೇಡ ಅನ್ನಿಸಿದ್ರೆ ಇದನ್ನ ಗುಜರಿಗೆ ಹಾಕ್ತೀನಿ."

ಅವರು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ತಿಪ್ಪಯ್ಯನ ಹಮಾಲರು ಸುತ್ತ ನಿಂತು, "ಹೋ" ಎಂದು ಒಂದೇ ಉಸಿರಿಗೆ ಕಾರನ್ನು ಎತ್ತಿ ತಮ್ಮ ಡಾಂಬರು ಹೊಟ್ಟೆಯ ಆಚೆ ಇಳಿಸಿದರು. ಸೀಟಿಲ್ಲದ ಕಾರು ಎಷ್ಟು ಹಗುರ ನೋಡಿ. ಪ್ರದೀಪ ಸ್ಕೂಟರಿನಲ್ಲಿ ಬಂದು ಸೈಲೆನ್ಸರಿಗೆ ತಂತಿ ಬಿಗಿದ. ಕಾರು ಲಾರಿ ಹತ್ತಿತು, ನಾವಿಬ್ಬರೂ ಅದರ ಮುಂದಿನ ಸೀಟು ಹತ್ತಿದೆವು.

ಟ್ರ್ಯಾಕಿನಲ್ಲಿ ನಾಗರಾಜಪ್ಪನವರು ಮೊದಲು ಕೇಳಿದ್ದು ಆಂಬುಲೆನ್ಸ್ ಎಲ್ಲಿದೆ ಎಂದು. ಆಮೇಲೆ ಅದರ ಡ್ರೈವರ್ ಎಲ್ಲಿದ್ದಾನೆ ಎಂದು. ನಾನು ಹೊರಟಾಗ ಗೋಡೆಯ ಪಕ್ಕ ಕಣ್ಣು ಮುಚ್ಚಿ ನಿಂತಿದ್ದರಂತೆ. ಮೊದಲ ಸುತ್ತಿನಲ್ಲಿ ನನ್ನ ಕೈ ಬೆವತು ಸ್ಟೀರಿಂಗ್ ಜಾರುತ್ತಿತ್ತು. ಎಲ್ಲರೂ ನನ್ನನ್ನು ದಾಟಿ ಹೋದರು. ಆದರೆ ನೇರ ದಾರಿ ಮುಗಿದು, ಬ್ರೇಕು ಒತ್ತಿ, ಕಾರು ಹೇಳಿದಂತೆ ಕೇಳಿ ತಿರುವಿನೊಳಗೆ ಹೊರಳಿದಾಗ, ನನ್ನ ಗಂಟಲಿನಿಂದ ಒಂದು ಸದ್ದು ಬಂತು. ಹುಣಸೆಮರದ ತುದಿ ಹತ್ತಿದಾಗ ಚಿಕ್ಕಂದಿನಲ್ಲಿ ಹಾಗೆ ಕೂಗುತ್ತಿದ್ದೆ. ಅಂದು ಓಡಿಸಿದವರಲ್ಲಿ ಕೊನೆಯವಳು ನಾನೇ. ಇಳಿದು ಹೆಲ್ಮೆಟ್ ತೆಗೆದಾಗ ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದರು.

"ನಾನೂ ಒಂದ್ ಕೈ ನೋಡ್ಲಾ?" ಎಂದರು.

ಪಕ್ಕದಲ್ಲಿ ಕೂರಲು ಸೀಟಿಲ್ಲವಾದ್ದರಿಂದ ಅವರು ಓಡಿಸಲೇಬೇಕಾಯಿತು. ಅಲ್ಲಿನವರು ಅವರಿಗೆ ನಿಯಮ ತಿಳಿಸಿ, ಬೆಲ್ಟು ಬಿಗಿದು ಕಳಿಸಿದರು. ಮೊದಲ ಸುತ್ತು ನಮ್ಮ ಮನೆಯ ರೀತಿಯಂತೆ ನಿಧಾನವಾಗಿಯೇ ಆಯಿತು. ಎರಡನೆಯ ಸುತ್ತಿಗೆ ಇಂಜಿನ್ ಸದ್ದು ಬದಲಾಯಿತು. ಮೂರನೆಯ ಸುತ್ತಿನಲ್ಲಿ ಅವರು ನನ್ನ ಮುಂದೆ ಹಾದದ್ದನ್ನು ನಾನು ನೋಡಲಿಲ್ಲ, ಏಕೆಂದರೆ ಆ ಹೊತ್ತಿಗೆ ಕಣ್ಣು ಮುಚ್ಚಿಕೊಂಡವಳು ನಾನಾಗಿದ್ದೆ. ಗೋಡೆಯ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬಳೆಯೊಂದು ಒಡೆದದ್ದೂ ತಿಳಿಯಲಿಲ್ಲ. ಅವರು ಇಳಿದು, ಒಂದು ಬಾಟಲಿ ನೀರನ್ನು ಪೂರ್ತಿ ಕುಡಿದು, ಗಂಭೀರವಾಗಿ ಹೇಳಿದರು:

"ಹೇಮಾ, ಆ ಮೂರ್ನೇ ತಿರುವಿನಾಗೆ ನೀನು ಸುಮ್‌ಸುಮ್ನೆ ಬ್ರೇಕ್ ಹಿಡೀತೀಯ."

ಮಾನ್ಯರೇ, ಈಗ ಶೆಡ್ಡಿನಲ್ಲಿ ನನಗೆ ಜಾಗವಿಲ್ಲ. ಕಾಯಿ ವ್ಯಾಪಾರದ ನಡುವೆ ಪ್ರದೀಪನಿಗೆ ಫೋನು ಹೋಗುತ್ತದೆ. ಇನ್ನೂ ಒಳ್ಳೆಯ ಟೈರು ಬರುತ್ತದಂತೆ, ಇಂಜಿನನ್ನು ಬಿಚ್ಚಿ ನೋಡಬೇಕಂತೆ, ಕಾರು ಇನ್ನೂ ತಗ್ಗಬೇಕಂತೆ. ರಾತ್ರಿ ಊಟಕ್ಕೆ ಕೂತರೆ ಮರುಳಸಿದ್ದಪ್ಪನ ಮಾತೂ ಬರುತ್ತದೆ. ಶಾಲೆಯಲ್ಲಿ ಇಬ್ಬರೂ ಸೇರಿ ಮಾಡಿದ ಕಿತಾಪತಿಗಳನ್ನು ಹೇಳಿ ನಗುತ್ತಾರೆ, ಒಮ್ಮೊಮ್ಮೆ ನಡುವೆ ನಿಲ್ಲಿಸಿ ನೀರು ಕುಡಿಯುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಯೇನೆಂದರೆ, ಸ್ಟೀರಿಂಗ್ ನನ್ನ ಕೈಯಲ್ಲಿರುವ ದಿನ ತಾವು ಉಸಿರು ಬಿಗಿಹಿಡಿದು ನೆಲಕ್ಕೆ ಸಮನಾಗಿ ಮಲಗಬೇಕು. ನಾಗರಾಜಪ್ಪನವರು ಹೊರಟ ದಿನ ಜೋಗಿಮಟ್ಟಿ ಬೆಟ್ಟದಷ್ಟು ಎತ್ತರಕ್ಕೆ ಎದ್ದು ನಿಲ್ಲಬೇಕು. ಇದು ಕಷ್ಟವೆನಿಸಿದರೆ ತಮಗೊಬ್ಬ ತಮ್ಮನನ್ನಾದರೂ ದಯಪಾಲಿಸಬೇಕು. ಅವನಿಗೆ ಬೇಕಾಗುವ ಎಳನೀರಿನ ಜವಾಬ್ದಾರಿ ನನ್ನದು.

ಸೈಲೆನ್ಸರನ್ನು ತಮ್ಮ ಪಾದಕ್ಕೆ ಅರ್ಪಿಸಿದ,
ತಮ್ಮ ವಿಶ್ವಾಸಿ,
ಹೇಮಾವತಿ

ಮರೆತ ಮಾತು: ತಮ್ಮನ್ನು ಅಗೆದು ಹಾಕಲು ಯಜಮಾನರು ನಿನ್ನೆ ಪಿಕಾಸಿ ತರಿಸಿದ್ದಾರೆ. ಬೆಳಿಗ್ಗೆಯಿಂದ ಅದನ್ನು ಮನೆಯೆಲ್ಲ ಹುಡುಕುತ್ತಿದ್ದಾರೆ. ಅದು ನನ್ನ ಮಂಚದ ಅಡಿಯಲ್ಲಿದೆ. ತಾವು ಯಾರಿಗೂ ಹೇಳುವುದಿಲ್ಲವೆಂಬ ನಂಬಿಕೆ ನನಗಿದೆ.